ರಷ್ಯಾದಲ್ಲಿ ಯಾರೂ ಸಾಯಲಿಲ್ಲ

ನಾಲ್ಕು ಜನ ಕನ್ನಡಿಗರು ಸೇರಿ ಎಲ್ಲಿ ಒಂದು ಪರದೆ ಕಟ್ಟಿದರೂ, ಪರದೆಯ ಮೇಲಿನ ಆಟಕ್ಕಿಂತ ಎದುರಿಗೆ ಕೂತವರ ಆಟವೇ ಹೆಚ್ಚು ನೋಡುವಂತಿರುತ್ತದೆ. ಚೆಂಬೂರಿನ ನಮ್ಮ ಸಂಘದ ಹಾಲಿನಲ್ಲಿ ತಿಂಗಳಿಗೊಂದು ಭಾನುವಾರ, ಸಂಜೆ ನಾಲ್ಕಕ್ಕೆ, ಇಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ನಡೆಯದಂತೆ ನೋಡಿಕೊಳ್ಳಲು ನಾನು ಬಹಳ ಪ್ರಯತ್ನ ಪಟ್ಟಿದ್ದೇನೆ. ಪ್ರಯತ್ನ ಪಟ್ಟಾಗಲೇ ಹೆಚ್ಚು ನಡೆದಿದೆ.

ನನ್ನ ಊರು ಧಾರವಾಡ. ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್. ಬೋಲ್ಟು ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆ ಆದರೆ ಕೆಂಪು ಗುರುತು ಹಾಕಿ ವಾಪಸು ಕಳಿಸುವುದು ನನ್ನ ಉದ್ಯೋಗ. ಕಾಲೇಜಿನ ದಿನಗಳಲ್ಲಿ ರಷ್ಯನ್ ಕಾದಂಬರಿಗಳ ಕನ್ನಡ ಅನುವಾದಗಳು ಒಂದು ಪ್ಲೇಟ್ ಗಿರಮಿಟ್ ಮಿರ್ಚಿಯ ದರದಲ್ಲಿ ಸಿಗುತ್ತಿದ್ದವು. ದಪ್ಪ ರಟ್ಟು, ಗಟ್ಟಿ ಹೊಲಿಗೆ, ಒಳಗೆ ಬರೀ ಚಳಿ. ಓದಿ ಕೆಟ್ಟವರಲ್ಲಿ ನಾನೂ ಒಬ್ಬ.

ಹೋದ ವರ್ಷ ಒಬ್ಬ ಹಿರಿಯ ಸದಸ್ಯರು ಪುಣೆಗೆ ಮನೆ ಬದಲಿಸುವಾಗ ಸಂಘಕ್ಕೆ ಒಂದು ಹಾರ್ಡ್ ಡಿಸ್ಕ್ ಕೊಟ್ಟು ಹೋದರು. ಅದರ ತುಂಬ ಹಳೆಯ ರಷ್ಯನ್ ಕಥೆ ಕಾದಂಬರಿಗಳ ಮೇಲೆ ತೆಗೆದ ಸಿನಿಮಾಗಳು. ಮಾತು ರಷ್ಯನ್, ಕೆಳಗೆ ಓಡುವ ಅಕ್ಷರ ಇಂಗ್ಲಿಷ್. ನಮ್ಮ ಹಿರಿಯರಿಗೆ ಆ ಅಕ್ಷರ ಕಣ್ಣಿಗೆ ಸಿಗುವುದರೊಳಗೆ ಮಾಯವಾಗುತ್ತಿತ್ತು. ಹಾಗಾಗಿ ನಾನು ಪರದೆಯ ಪಕ್ಕ ಒಂದು ಕುರ್ಚಿ ಹಾಕಿಕೊಂಡು, ಮೈಕ್ ಹಿಡಿದು, ನಡೆಯುತ್ತಿರುವುದನ್ನು ಕನ್ನಡದಲ್ಲಿ ಹೇಳುತ್ತಾ ಹೋಗುವುದು ಎಂದು ತೀರ್ಮಾನವಾಯಿತು. ಸಂಘದಲ್ಲಿ ಯಾರಿಗೂ ಬೇಡವಾದ ಕೆಲಸ ನನ್ನ ಪಾಲಿಗೆ ಬರುವುದು ಹೊಸದೇನಲ್ಲ. ಆದರೆ ಇದು ನನಗೆ ಬೇಕಾಗಿಯೇ ಇದ್ದ ಕೆಲಸ.

ಒಬ್ಬನಿಗೆ ಮೂರು ಹೆಸರು

ರಷ್ಯನ್ ಕಥೆಗಳಲ್ಲಿ ಒಬ್ಬನೇ ಮನುಷ್ಯನನ್ನು ತಾಯಿ ಒಂದು ಹೆಸರಿನಿಂದ, ಕಚೇರಿಯವರು ಇನ್ನೊಂದರಿಂದ, ಹೆಂಡತಿ ಸಿಟ್ಟು ಬಂದಾಗ ಮೂರನೆಯದರಿಂದ ಕರೆಯುತ್ತಾರೆ. ಮೊದಲ ಸಿನಿಮಾದ ದಿನ ನಾನು ಒಂದೂ ಬಿಡದೆ ಎಲ್ಲ ಹೆಸರುಗಳನ್ನೂ ಹೇಳುತ್ತಾ ಹೋದೆ. ಇಪ್ಪತ್ತು ನಿಮಿಷಕ್ಕೆ ಪ್ರೊಜೆಕ್ಟರ್ ನಿಂತಿತು. ನಿಲ್ಲಿಸಿದವರು ಚಾಚಾ. ವಿಜಯಪುರದವರು, ಚೆಂಬೂರಿನಲ್ಲಿ ಫ್ರಿಜ್, ಎಸಿ ರಿಪೇರಿ ಮಾಡುತ್ತಾರೆ. ಪ್ರೊಜೆಕ್ಟರ್ ಅವರದೇ ಸುಪರ್ದಿ.

"ಸರ, ಇಲ್ಲೀತನಕ ಕಥಿಯೊಳಗ ಎಷ್ಟ ಮಂದಿ ಬಂದಾರ?" ಎಂದು ಕೇಳಿದರು.

"ನಾಲ್ಕು ಮಂದಿ ಚಾಚಾ."

"ನಮ್ಮ ಲೆಕ್ಕದಾಗ ಹನ್ನೊಂದ ಆಗ್ಯಾರ್ರೀ."

ಒಬ್ಬನಿಗೆ ಮೂರು ಹೆಸರಿರುವ ಪದ್ಧತಿಯನ್ನು ವಿವರಿಸಿದೆ. ಚಾಚಾ ತಲೆ ತುರಿಸಿಕೊಂಡರು. "ಹಂಗಾದ್ರ ಇವ್ರ ಆಧಾರ್ ಕಾರ್ಡಿಗೆ ಮೊಬೈಲ್ ಲಿಂಕ್ ಹೆಂಗ ಆಗತೈತ್ರೀ?"

ಅವತ್ತೇ ಹೆಸರುಗಳನ್ನು ತೆಗೆದುಹಾಕಿ, ನನ್ನವೇ ನಾಲ್ಕು ಇಟ್ಟೆ. ಉದ್ದ ಕೋಟಿನಾಂವ, ಬಂಗ್ಲೆ ಗೌಡ್ರು, ಅಳೋ ತಂಗಿ, ಅಳದ ಅಕ್ಕ. ಯಾವ ರಷ್ಯನ್ ಸಿನಿಮಾ ಹಾಕಿದರೂ ಈ ನಾಲ್ವರು ಇದ್ದೇ ಇರುತ್ತಾರೆ, ಹಾಗಾಗಿ ಪ್ರತಿ ತಿಂಗಳು ಹೊಸದಾಗಿ ನಾಮಕರಣ ಮಾಡುವ ತಾಪತ್ರಯವೂ ತಪ್ಪಿತು ಎಂದುಕೊಂಡೆ.

ಎರಡನೆಯ ಸಿನಿಮಾ ಶುರುವಾಗಿ ಐದು ನಿಮಿಷ ಆಗಿರಲಿಲ್ಲ. ಮೊದಲ ಸಾಲಿನಿಂದ ಟೀಚರಬಾಯಿ ಕೈ ಎತ್ತಿದರು. ಬೆಳಗಾವಿ ಕಡೆಯವರು, ನಿವೃತ್ತ ಶಿಕ್ಷಕಿ. ಎರಡೂ ಕಣ್ಣಿನ ಆಪರೇಷನ್ ಆದ ಮೇಲೆ ಕೆಳಗಿನ ಅಕ್ಷರ ಕಾಣುವುದಿಲ್ಲ, ಪೂರ್ತಿ ನನ್ನ ಮಾತಿನ ಮೇಲೆಯೇ ಸಿನಿಮಾ ನೋಡುವವರು.

"ಅಲ್ರೀ, ಈ ಅಳೋ ತಂಗಿದು ಹೋದ ತಿಂಗಳ ಲಗ್ನ ಆಗಿತ್ತಲ್ಲ. ಈ ತಿಂಗಳ ಮತ್ತ ವರಾ ನೋಡಾಕ ಹತ್ಯಾರ, ಏನಾತು ಆಕಿ ಸಂಸಾರಕ್ಕ?"

ಮೂವತ್ತು ಜನ

ಆ ಎರಡನೆಯ ಸಿನಿಮಾದ ಕೊನೆಯಲ್ಲಿ ಉದ್ದ ಕೋಟಿನಾಂವ ಸಾಯುತ್ತಾನೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬಹಳ ಚೆನ್ನಾಗಿ ಹೇಳಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಮರುತಿಂಗಳು ಒಂಬತ್ತು ಜನ ಬಂದರು. ಅದರಲ್ಲಿ ನಾನು, ನನ್ನ ಹೆಂಡತಿ, ಚಾಚಾ ಸೇರಿದ್ದೆವು.

ಅಧ್ಯಕ್ಷರು ನನ್ನನ್ನು ಕರೆದರು. ಉಡುಪಿ ಕಡೆಯವರು, ಗ್ರಾಂಟ್ ರೋಡಿನಲ್ಲಿ ಹೋಟೆಲು. ಮೂವತ್ತೈದು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಯಾರ ಹೊಟ್ಟೆ ಎಷ್ಟು ಎಂದು ಮುಖ ನೋಡಿ ಹೇಳಬಲ್ಲವರು.

"ನೋಡಿ, ಭಾನುವಾರ ಹಾಲನ್ನು ಟೇಲರಿಂಗ್ ಕ್ಲಾಸಿಗೆ ಕೊಡುವ ಅಂತ ಖಜಾಂಚಿಯವರು ಹೇಳ್ತಾ ಇದ್ದಾರೆ. ವರ್ಷದ ಕೊನೆಗೆ ಕಮಿಟಿಯಲ್ಲಿ ತೀರ್ಮಾನ. ಅಷ್ಟರೊಳಗೆ ಮೂವತ್ತು ಜನ ಬರುವ ಹಾಗೆ ಆದ್ರೆ ಹಾಲ್ ನಿಮಗೆ. ಬಾರದಿದ್ರೆ ಹೊಲಿಗೆ ಮೆಷಿನಿಗೆ. ನಾನು ಎಂತ ಮಾಡ್ಲಿಕ್ಕೂ ಬರುದಿಲ್ಲ."

"ಅಧ್ಯಕ್ಷರೇ, ಜಗತ್ತಿನ ದೊಡ್ಡ ದೊಡ್ಡ ಕಥೆಗಳು ಅವು," ಎಂದೆ.

"ಇರಬಹುದು. ಆದ್ರೆ ಭಾನುವಾರ ಸಂಜೆ ಹೆಣ ನೋಡಿ ಮನೆಗೆ ಹೋದವ ಸೋಮವಾರ ಬೆಳಿಗ್ಗೆ ಲೋಕಲ್ ಹತ್ತುದು ಹೇಗೆ? ತೀರಿಕೊಂಡವರ ಸುದ್ದಿಗೆ ನಮ್ಮ ಸಂಘದ ವಾಟ್ಸಾಪ್ ಗ್ರೂಪ್ ಉಂಟಲ್ಲ ಮಾರಾಯ್ರೆ, ಅದಕ್ಕೆ ಹಾಲ್ ಬೇರೆ ಬೇಕಾ?"

ವಾರಕ್ಕೆ ಆರು ದಿನ ಬೋಲ್ಟು ಅಳೆಯುವವನು ನಾನು. ತಿಂಗಳಿಗೊಮ್ಮೆ ಆ ಕುರ್ಚಿಯಲ್ಲಿ ಕೂತು ಮೈಕ್ ಹಿಡಿದಾಗ ಮಾತ್ರ ಧಾರವಾಡದ ಕೋಣೆಯಲ್ಲಿ ರಟ್ಟಿನ ಪುಸ್ತಕ ಎದೆಯ ಮೇಲೆ ಇಟ್ಟುಕೊಂಡು ಮಲಗಿದ್ದ ಆ ಹುಡುಗ ಆಗುತ್ತಿದ್ದೆ. ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಮೂವತ್ತು ಜನ ಬೇಕು ಎಂದರೆ ಯಾರೂ ಸಾಯಬಾರದು. ಲೆಕ್ಕ ಅಷ್ಟೇ ಸರಳ ಇತ್ತು.

ಪೆಟ್ಟಿಗೆಯಲ್ಲಿ ಏನಿದೆ?

ಮುಂದಿನ ಸಿನಿಮಾದಲ್ಲಿ ಇಬ್ಬರು ಸ್ನೇಹಿತರು ಒಂದು ಕುದುರೆಯ ವಿಷಯಕ್ಕೆ ಜಗಳಾಡಿ, ಬೆಳಿಗ್ಗೆ ಹೊಳೆಯ ದಂಡೆಯಲ್ಲಿ ಎದುರುಬದುರು ನಿಂತು ಪಿಸ್ತೂಲು ಎತ್ತುತ್ತಾರೆ. ಗುಂಡು ಹಾರಿತು. ಉದ್ದ ಕೋಟಿನಾಂವ ಬಿದ್ದ. ಹಾಲಿನಲ್ಲಿ ಹೇಗೋ ಹೇಳಿ ಕೇಳಿ ಕರೆತಂದ ಇಪ್ಪತ್ತು ಜನ ಉಸಿರು ಹಿಡಿದು ನನ್ನ ಕಡೆ ನೋಡಿದರು.

"ಭುಜಕ್ಕ ತಾಗೇದ. ಚಕ್ಕರ ಬಂದು ಬಿದ್ದಾನ ಅಷ್ಟ," ಎಂದೆ.

ಎಲ್ಲರೂ ಉಸಿರು ಬಿಟ್ಟರು. ನಾನೂ ಬಿಟ್ಟೆ. ಆದರೆ ಸಿನಿಮಾ ತೆಗೆದವನಿಗೆ ಈ ಒಪ್ಪಂದ ಗೊತ್ತಿರಲಿಲ್ಲ. ಹತ್ತು ನಿಮಿಷಕ್ಕೆ ಪರದೆಯ ಮೇಲೆ ಆರು ಜನ ಒಂದು ಉದ್ದನೆಯ ಪೆಟ್ಟಿಗೆ ಹೊತ್ತುಕೊಂಡು ಬಂದರು.

"ಆ ಪೆಟ್ಟಿಗ್ಯಾಗ ಯಾರ್ರೀ?" ಟೀಚರಬಾಯಿ ಕೇಳಿದರು.

"ಯಾರೂ ಇಲ್ರೀ ಬಾಯಿ. ಪುಸ್ತಕ ಅವ. ಉದ್ದ ಕೋಟಿನಾಂವ ಔಷಧಕ್ಕಂತ ದೊಡ್ಡ ಊರಿಗೆ ಹೋದ. ಅವನ ಪುಸ್ತಕ ಹುಗೀತಾರ."

"ಪುಸ್ತಕ ಯಾಕ ಹುಗೀತಾರ?"

"ಸರಕಾರದ ಹೆದರಿಕಿರೀ. ಸಿಕ್ಕರ ಜಪ್ತಿ ಮಾಡ್ತಾರ."

"ಮತ್ತ ಪಾದ್ರಿ ಯಾಕ ಬಂದಾನ?"

ಮೈಕನ್ನು ಇನ್ನೊಂದು ಕೈಗೆ ಬದಲಿಸಿದೆ. "ಪುಸ್ತಕ ಅಂದ್ರ ಸರಸ್ವತಿ ಅಲ್ರೀ. ಪೂಜಾ ಮಾಡದ ಹೆಂಗ ಹುಗೀತಾರ?"

ಟೀಚರಬಾಯಿಗೆ ಇದು ತುಂಬ ಹಿಡಿಸಿತು. ಪರದೆಯ ಮೇಲೆ ಅಳೋ ತಂಗಿ ಪೆಟ್ಟಿಗೆಯ ಮೇಲೆ ಬಿದ್ದು ಹೊರಳಾಡಿ ಅಳುತ್ತಿದ್ದಳು. ಟೀಚರಬಾಯಿ ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಿದ್ದ ಕಾಲೇಜು ಹುಡುಗಿಯರ ಕಡೆ ತಿರುಗಿ, "ನೋಡ್ರವಾ, ಓದೋ ಹುಚ್ಚು ಅಂದ್ರ ಹಿಂಗಿರಬೇಕು," ಎಂದರು.

ಮನೆಗೆ ನಡೆದು ಹೋಗುವಾಗ ಹೆಂಡತಿ ಜೊತೆಗಿದ್ದಳು. ಅವಳಿಗೆ ಇಂಗ್ಲಿಷ್ ಅಕ್ಷರ ಚೆನ್ನಾಗಿ ಕಾಣುತ್ತದೆ. ಬಿಲ್ಡಿಂಗಿನ ಗೇಟಿನ ಹತ್ತಿರ ಬಂದಾಗ ಹೇಳಿದಳು: "ಕಾರ್ಖಾನ್ಯಾಗ ಅರ್ಧ ಮಿಲಿಮೀಟರ್ ಬಿಡೋದಿಲ್ಲ. ಇಲ್ಲಿ ಇಡೀ ಹೆಣಾನ ಪಾಸ್ ಮಾಡಿಬಿಟ್ರಿ."

ಟೇಬಲ್ ಒರೆಸಿ

ಸುಳ್ಳಿಗೆ ಫಲ ಸಿಕ್ಕಿತು. ಮರುತಿಂಗಳು ಮೂವತ್ತನಾಲ್ಕು ಜನ, ಅದರ ಮುಂದಿನ ತಿಂಗಳು ನಲವತ್ತೊಂದು. ಹೊಳೆಗೆ ಬಿದ್ದವನನ್ನು ಆಚೆ ದಡಕ್ಕೆ ಈಜಿಸಿದೆ. ಕ್ಷಯ ಹಿಡಿದು ರಕ್ತ ಕಾರುತ್ತಿದ್ದ ಅಳದ ಅಕ್ಕನನ್ನು, ನಮ್ಮ ಮಿರಜ್ ಇದ್ದ ಹಾಗೆ ಅಲ್ಲೊಂದು ದವಾಖಾನೆಯ ಊರು ಇದೆ ಎಂದು ಹೇಳಿ, ಅಲ್ಲಿಗೆ ಕಳಿಸಿದೆ. ಅವರು ವಾಪಸು ಬಂದದ್ದನ್ನು ತೋರಿಸಬೇಕಾದ ಜವಾಬ್ದಾರಿ ನನ್ನದಲ್ಲ. ಸಿನಿಮಾ ಅಷ್ಟರಲ್ಲಿ ಮುಗಿದಿರುತ್ತಿತ್ತು.

ಜನ ಸೇರುತ್ತಿರುವುದನ್ನು ಕೇಳಿ ಒಂದು ಸಲ ಅಧ್ಯಕ್ಷರೇ ಬಂದು ಕೂತರು. ಅವತ್ತಿನ ಸಿನಿಮಾದಲ್ಲಿ ಅದೃಷ್ಟಕ್ಕೆ ಯಾರೂ ಸಾಯುವುದಿಲ್ಲ. ಒಂದು ತೋಟದ ಮನೆ, ಒಂದು ದೊಡ್ಡ ಮೇಜು, ಮೇಜಿನ ಮೇಲೆ ನಲ್ಲಿ ಇರುವ ಹಿತ್ತಾಳೆಯ ಚಹಾ ಹಂಡೆ, ಸುತ್ತ ಎಂಟು ಜನ. ಎರಡೂವರೆ ಗಂಟೆ ಚಹಾ ಕುಡಿಯುತ್ತಾ, ಬದುಕು ಯಾಕೆ ಹೀಗಾಯಿತು ಎಂದು ಮಾತಾಡುತ್ತಾರೆ. ನನಗೆ ಬಹಳ ಪ್ರಿಯವಾದ ಕಥೆ.

ಅರ್ಧ ಗಂಟೆ ಆದ ಮೇಲೆ ಅಧ್ಯಕ್ಷರು ಕುರ್ಚಿಯಲ್ಲಿ ಆ ಕಡೆ ಈ ಕಡೆ ಸರಿದಾಡತೊಡಗಿದರು. ಒಂದು ಗಂಟೆ ಕಳೆಯುವ ಹೊತ್ತಿಗೆ ಕಿಸೆಯಿಂದ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಮೈ ಹುಷಾರಿಲ್ಲವೇನೋ ಎಂದು ನಾನು ಮೈಕ್ ಕೆಳಗಿಟ್ಟು ಹತ್ತಿರ ಹೋದೆ.

"ಎಂತ ಜನ ಇವರು? ಎಂಟು ಜನ ಒಂದೇ ಟೇಬಲ್ ಹಿಡ್ಕೊಂಡು ಕೂತಿದ್ದಾರೆ, ಏಳುವ ಲಕ್ಷಣವೇ ಇಲ್ಲ," ಎಂದು ಪಿಸುಗುಟ್ಟಿದರು.

"ಅವರ ದುಃಖ ಅದು, ಅಧ್ಯಕ್ಷರೇ. ಎದ್ದು ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗ್ತಿಲ್ಲ ಅವರಿಗೆ."

"ಅದೆಲ್ಲ ನಾನು ದಿನಾ ನೋಡ್ತೇನೆ. ಒದ್ದೆ ಬಟ್ಟೆ ತಕ್ಕೊಂಡು ಒಂದು ಸಲ ಟೇಬಲ್ ಒರೆಸ್ಲಿಕ್ಕೆ ಹೇಳಿ ಮಾರಾಯ್ರೆ, ಕಥೆ ತನ್ನಿಂದ ತಾನೇ ಮುಂದೆ ಹೋಗ್ತದೆ."

ಗಾಡಿ ನಿಂತಿದೆ

ಇದು ಚಿಕ್ಕದು. ಒಂದು ಸಿನಿಮಾದಲ್ಲಿ ಅಳೋ ತಂಗಿ ಊರು ಬಿಟ್ಟು ಹೋಗಬೇಕು. ಹಿಮ ಬೀಳುವ ಸಣ್ಣ ಸ್ಟೇಷನ್ನು, ರೈಲು ಬಂದು ನಿಂತಿದೆ, ಬಾಗಿಲು ತೆರೆದಿದೆ. ಅವಳು ಪ್ರೀತಿಸಿದವನು ಎದುರಿಗೆ ನಿಂತಿದ್ದಾನೆ. ಇಬ್ಬರೂ ಮಾತಾಡುವುದಿಲ್ಲ. ಏಳು ನಿಮಿಷದ ದೃಶ್ಯ. ಮಾತಿಲ್ಲದ್ದರಿಂದ ನನಗೂ ಕೆಲಸವಿರಲಿಲ್ಲ. ಜನ ಎಷ್ಟು ತನ್ಮಯರಾಗಿದ್ದಾರೆ ನೋಡೋಣ ಎಂದು ತಿರುಗಿದೆ.

ನಲವತ್ತು ಜನರೂ ಕುರ್ಚಿಯ ತುದಿಗೆ ಬಂದಿದ್ದರು. ಟೀಚರಬಾಯಿ ತಮ್ಮ ಕೈಚೀಲವನ್ನು ಎದೆಗೆ ಅವಚಿಕೊಂಡಿದ್ದರು. ನನಗೆ ಹೆಮ್ಮೆ ಅನಿಸಿತು. ಆಗ ಹಿಂದಿನಿಂದ ಒಬ್ಬ ಹೆಂಗಸಿನ ದನಿ ಬಂತು. ದಿನಾ ಚೆಂಬೂರಿನಿಂದ ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ ಆಫೀಸಿಗೆ ಹೋಗುವ ಗುಮಾಸ್ತೆ.

"ವಿಂಡೋ ಸೀಟ್ ಖಾಲಿ ಇದೆ, ಹತ್ತು ತಾಯೀ. ಮಾತು ಫೋನಲ್ಲಿ ಆಡು."

ಡಾಕ್ಟರ ಕೈಗೆ ಮೈಕ್

ಹನ್ನೊಂದನೆಯ ತಿಂಗಳು ಟೀಚರಬಾಯಿ ನನಗೆ ಫೋನ್ ಮಾಡಿದರು. ದನಿಯಲ್ಲಿ ಖುಷಿ ತುಂಬಿತ್ತು. "ನಮ್ಮ ಮೊಮ್ಮಗಳು ಬಂದಾಳರೀ. ಆರು ವರ್ಷ ರಷ್ಯಾದಾಗ ಡಾಕ್ಟರಕಿ ಓದ್ಯಾಳ. ಅಲ್ಲಿ ಭಾಷಾ ನೀರ ಕುಡದಂಗ ಮಾತಾಡ್ತಾಳ. ಈ ಭಾನುವಾರ ಕರಕೊಂಡ ಬರ್ತೀನಿ. ನಿಮ್ಮ ಬಾಜೂಕ ಕೂಡಸ್ರಿ."

ಆ ಭಾನುವಾರ ಸಿನಿಮಾ ಮುಗಿದ ಕೂಡಲೇ ಅದೇ ಹಾಲಿನಲ್ಲಿ ಕಮಿಟಿ ಸೇರಿ, ಹಾಲ್ ನಮಗೋ ಟೇಲರಿಂಗ್ ಕ್ಲಾಸಿಗೋ ಎಂದು ನಿಶ್ಚಯಿಸುವುದಿತ್ತು. ಮೊಮ್ಮಗಳು ಬಾಯಿ ತೆರೆದರೆ ನನ್ನ ಏಳೆಂಟು ತಿಂಗಳ ಸುಳ್ಳು ಬಯಲಾಗುತ್ತದೆ. ಹಾಲ್ ಹೋಗುವುದಿರಲಿ, ಟೀಚರಬಾಯಿಯ ಮುಖ ನೋಡುವುದು ಹೇಗೆ?

ಬಂದದ್ದು ಐವತ್ತೆರಡು ಜನ, ಇದುವರೆಗಿನ ದಾಖಲೆ. ಖಜಾಂಚಿಯವರೂ ಕೂತಿದ್ದರು. ಮೊಮ್ಮಗಳು ಜೀನ್ಸು ತೊಟ್ಟ, ನಗುಮುಖದ ಹುಡುಗಿ. ಅವಳನ್ನು ಬದಿಗೆ ಕರೆದು ಎಲ್ಲ ಹೇಳಿಬಿಡೋಣ ಎಂದುಕೊಂಡೆ.

"ಡಾಕ್ಟ್ರೇ, ಒಂದು ಮಾತಿತ್ತು," ಎಂದೆ.

"ಟೆನ್ಶನ್ ಬೇಡ ಅಂಕಲ್. ನನ್ನ ಕನ್ನಡ ಥೋಡಾ ವೀಕ್ ಇದೆ. ಬಟ್ ರಷ್ಯನ್ ಪಕ್ಕಾ. ನೀವು ಎಲ್ಲಿ ಮಿಸ್ ಆದರೆ ನಾನು ಹೇಳ್ತೇನೆ."

ಅಷ್ಟರಲ್ಲಿ ಅಧ್ಯಕ್ಷರು ಎದ್ದು, "ಇವತ್ತು ಅಪರೂಪಕ್ಕೆ ರಷ್ಯಾ ನೋಡಿದವರೇ ನಮ್ಮಲ್ಲಿ ಇದ್ದಾರೆ. ಮೈಕ್ ಅವರಿಗೇ ಕೊಡುವ," ಎಂದುಬಿಟ್ಟರು. ಚಪ್ಪಾಳೆ ಬಿತ್ತು. ಮೈಕ್ ನನ್ನ ಕೈ ತಪ್ಪಿತು.

ಪರದೆಯ ಮೇಲೆ ಬಂಗ್ಲೆ ಗೌಡ್ರು ಹಾಸಿಗೆ ಹಿಡಿದಿದ್ದರು. ಸುತ್ತ ನೆಂಟರು. ಒಬ್ಬ ಗಡ್ಡದ ವೈದ್ಯ ನಾಡಿ ನೋಡಿ ಹೊರಗೆ ಹೋದ. ಗೌಡ್ರು ಒಂದು ಚಮಚ ಸಾರು ಕುಡಿದರು, ಮಗಳ ಕೈ ಹಿಡಿದರು, ಕಣ್ಣು ಮುಚ್ಚಿದರು. ವೈದ್ಯ ಒಳಗೆ ಬಂದು ಮತ್ತೆ ನಾಡಿ ಹಿಡಿದು ಏನೋ ಹೇಳಿದ. ಸಿನಿಮಾ ಶುರುವಾಗಿ ಹತ್ತು ನಿಮಿಷ ಆಗಿತ್ತು.

"ಅವರು... ಎಕ್ಸ್‌ಪೈರ್ ಆದರು," ಎಂದಳು ಹುಡುಗಿ.

ಹಾಲಿನಲ್ಲಿ ಯಾರೂ ನಂಬಲಿಲ್ಲ. ಹಿಂದಿನಿಂದ ಚಾಚಾ ಸಮಾಧಾನದಿಂದ ಹೇಳಿದರು: "ಮಲಗ್ಯಾರ ಬಿಡ ಬೇಟಿ. ಸಾರ ಕುಡದಾರ, ನಿದ್ದಿ ಹತ್ತೈತಿ."

"ಇಲ್ಲ ಚಾಚಾ, ಪಲ್ಸ್ ಇಲ್ಲ ಅಂತ ಡಾಕ್ಟರ್ ಹೇಳಿದರು."

"ಆ ಗಡ್ಡದಾಂವ ಏನ ಡಾಕ್ಟರ? ಅಂವಗ ತಿಳೀಲಿಲ್ಲ. ಇವ್ರನ್ನ ಮಿರಜಿಗೆ ಒಯ್ತಾರ, ನೋಡ್ತಿರು."

ಪರದೆಯ ಮೇಲೆ ಪೆಟ್ಟಿಗೆ ಬಂತು. "ಪುಸ್ತಕದ ಪೆಟಿಗಿ ಬಂತು," ಎಂದು ನಾಲ್ಕೈದು ಜನ ಒಟ್ಟಿಗೆ ಹೇಳಿದರು. ಹುಡುಗಿ ಗೊಂದಲದಿಂದ ಪರದೆ ನೋಡಿದಳು, ಜನರನ್ನು ನೋಡಿದಳು, ಕೊನೆಗೆ ತನ್ನ ಅಜ್ಜಿಯನ್ನು ನೋಡಿದಳು. ಟೀಚರಬಾಯಿ ಬೇಸರದಿಂದ ತಲೆ ಅಲ್ಲಾಡಿಸುತ್ತಿದ್ದರು. "ಆರು ವರ್ಷ ಅಲ್ಲಿ ಇದ್ದು ಏನ ಕಲತು ಬಂದಿ ತಂಗೀ? ಅಷ್ಟೂ ತಿಳೀವಲ್ದೇನು?"

ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಅದನ್ನು ನೋಡಿ ನನ್ನಿಂದ ಕೂತಿರಲಾಗಲಿಲ್ಲ. ಹಾಲ್ ಹೋದರೆ ಹೋಗಲಿ, ನನ್ನ ಸುಳ್ಳಿಗೆ ಈ ಮಗು ಬೈಸಿಕೊಳ್ಳಬಾರದು. ಎದ್ದು ನಿಂತೆ. ಚಾಚಾ ಪ್ರೊಜೆಕ್ಟರ್ ನಿಲ್ಲಿಸಿದರು.

"ಆಕಿ ಹೇಳೋದ ಖರೇ ಅದರೀ," ಎಂದೆ. "ಇಲ್ಲೀತನಕ ಸುಳ್ಳು ಹೇಳಿದಾಂವ ನಾನು. ಕುದರಿ ಜಗಳದಾಗ ಬಿದ್ದಾಂವ ಅಲ್ಲೇ ಹೋದ. ಹೊಳಿಗೆ ಬಿದ್ದಾಂವ ದಂಡಿ ಮುಟ್ಟಲಿಲ್ಲ. ಮಿರಜಿಗೆ ಕಳಿಸಿದ ಅಕ್ಕ ತಿರುಗಿ ಬರಲಿಲ್ಲ. ಪೆಟಿಗ್ಯಾಗ ಪುಸ್ತಕ ಇರಲಿಲ್ಲ. ಮಂದಿ ಬರೋದ ನಿಲ್ಲಬಾರದು ಅಂತ ಹಂಗ ಮಾಡಿದೆ. ತಪ್ಪಾತು."

ಒಂದೇ ಸಲಕ್ಕೆ ಅಷ್ಟು ಸಾವಿನ ಸುದ್ದಿ ಕೇಳಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಮಾತಾಡಿದವರು ಟೀಚರಬಾಯಿ. ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ. ಅವರು ನಿಧಾನಕ್ಕೆ ಕುರ್ಚಿ ಹಿಡಿದು ಎದ್ದರು.

"ಯಾರ ಹೋದರೂ ಒಂದ ನಿಮಿಷ ಎದ್ದ ನಿಲ್ಲೋದು ನಮ್ಮ ಸಂಘದ ಪದ್ಧತಿ ಅದ. ಮೊದಲ ಅದನ್ನ ಮಾಡ್ರಿ. ಇಂವಗ ಬೈಯೋದು ಆಮ್ಯಾಲ."

ಐವತ್ತೆರಡು ಜನ ಎದ್ದು ನಿಂತರು. ಖಜಾಂಚಿಯವರೂ ನಿಂತರು. ಚಾಚಾ ಟೋಪಿ ಸರಿಪಡಿಸಿಕೊಂಡರು. ಇಷ್ಟು ತಿಂಗಳು ನಾನೇ ಬದುಕಿಸಿ ಇಟ್ಟುಕೊಂಡಿದ್ದವರಿಗೆ ನಾನೇ ಮೌನ ಆಚರಿಸಬೇಕಾಯಿತು, ಮತ್ತು ನಿಜ ಹೇಳುತ್ತೇನೆ, ನನಗೆ ಅಳು ಬಂತು.

ಮೌನ ಮುಗಿದು ಎಲ್ಲರೂ ಕೂತ ಮೇಲೆ ಖಜಾಂಚಿಯವರು ಗಂಟಲು ಸರಿಮಾಡಿಕೊಂಡರು. "ಅಧ್ಯಕ್ಷರೇ, ಸುಳ್ಳು ಹೇಳಿ ಜನ ಸೇರಿಸಿದ್ದು ಅಂತ ಅವರೇ ಒಪ್ಪಿದ್ದಾರೆ. ಇನ್ನು ತೀರ್ಮಾನಕ್ಕೆ ಮೀಟಿಂಗ್ ಬೇಕಾಗಿಲ್ಲ. ಟೇಲರಿಂಗ್ ಕ್ಲಾಸು..."

ಅಧ್ಯಕ್ಷರು ಕೈ ಎತ್ತಿ ಅವರನ್ನು ತಡೆದರು. ನನ್ನನ್ನೊಮ್ಮೆ ನೋಡಿದರು, ಪರದೆಯ ಮೇಲೆ ನಿಂತುಹೋಗಿದ್ದ ಚಿತ್ರದಲ್ಲಿ ಪೆಟ್ಟಿಗೆಯ ಪಕ್ಕ ಮಲಗಿದ್ದ ಬಂಗ್ಲೆ ಗೌಡ್ರನ್ನು ನೋಡಿದರು, ಆಮೇಲೆ ಕಣ್ಣೊರೆಸಿಕೊಂಡು ಆಗಲೇ ನಗಲು ಶುರು ಮಾಡಿದ್ದ ಹುಡುಗಿಯ ಕಡೆ ತಿರುಗಿದರು.

"ಬೇಜಾರು ಮಾಡ್ಕೊಳ್ಬೇಡಿ ಡಾಕ್ಟರಮ್ಮ. ಇವರ ಕೈಯಲ್ಲಿ ಮೈಕ್ ಇದ್ದು, ಏಳೆಂಟು ತಿಂಗಳಿಂದ ಒಬ್ಬ ಪೇಷಂಟೂ ಹೋಗ್ಲಿಲ್ಲ. ನಿಮ್ಮ ಕೈಗೆ ಕೊಟ್ಟು ಹತ್ತು ನಿಮಿಷ ಆಗ್ಲಿಲ್ಲ, ಇದ್ದ ಗೌಡ್ರನ್ನೂ ಕಳೆದುಬಿಟ್ರಿ. ಹಾಲ್ ಇವರಿಗೇ ಇರಲಿ, ಮೈಕೂ ಇವರಿಗೇ ಕೊಡಿ. ಸಿನಿಮಾ ಮೊದಲಿಂದ ಹಾಕಿ ಚಾಚಾ, ಇನ್ನೂ ಬದುಕಿಸ್ಲಿಕ್ಕೆ ಆಗ್ತದಾ ನೋಡುವ."